ಅತ್ತೆಯ ಗಡಗಿ ತೊಳೆದ ಪ್ರಸಂಗ

ಮನುಷ್ಯನು ಮಾಡುವ ತಪ್ಪುಗಳಲ್ಲಿ ಎರಡು ವರ್ಗಗಳಿವೆಯೆಂದು ನಾನು ಮುಡಬಿಯ ಶಾಲೆಯಲ್ಲಿ ಮೂವತ್ತೊಂದು ವರ್ಷ ಬೋಧಿಸಿದ್ದೇನೆ: ತಿಳಿಯದೆ ಮಾಡಿದವು ಮತ್ತು ತಿಳಿದೂ ಮಾಡಿದವು. ಎಲ್ಲವೂ ತನಗೆ ತಿಳಿದಿದೆ ಎಂದುಕೊಂಡು ಮಾಡುವ ಮೂರನೆಯ ವರ್ಗವೊಂದಿದೆ ಎಂಬುದು ನಿವೃತ್ತಿಯಾದ ನಾಲ್ಕನೆಯ ವರ್ಷದಲ್ಲಿ, ಹುಮನಾಬಾದಿನ ಒಂದು ಹಿತ್ತಲಿನಲ್ಲಿ, ಕೈಯಲ್ಲಿ ತೆಂಗಿನ ನಾರು ಹಿಡಿದು ಕುಕ್ಕರುಗಾಲಿನಲ್ಲಿ ಕುಳಿತು ಎದ್ದ ಮೇಲೆ ನನಗೆ ಗೊತ್ತಾಯಿತು.

ಆ ಹಿತ್ತಲು ನನ್ನ ಹೆಂಡತಿ ಉಮಾದೇವಿಯ ತಮ್ಮ ವೈಜಿನಾಥನ ಮನೆಯದು. ನಾವಿರುವುದು ಬಸವಕಲ್ಯಾಣದಲ್ಲಿ. ಅವನಿಗೆ ಹುಮನಾಬಾದಿನಲ್ಲಿ ಒಂದು ಹಿಟ್ಟಿನ ಗಿರಣಿ, ಘಾಟಬೋರಾಳದಲ್ಲಿ ನಾಲ್ಕು ಎಕರೆ ಹೊಲ, ಮನೆಯಲ್ಲಿ ತಾಯಿ ಧೂಳಮ್ಮ. ಆಕೆ ನನಗೆ ಅತ್ತೆ. ನಲವತ್ತನಾಲ್ಕನೆಯ ವಯಸ್ಸಿನವರೆಗೆ ವೈಜಿನಾಥನ ಬಗ್ಗೆ ಊರಿನಲ್ಲಿ ಯಾರೂ ಏನೂ ಹೇಳಿರಲಿಲ್ಲ. ಹೇಳುವಂಥದ್ದೇನೂ ಅವನಲ್ಲಿ ಇರಲಿಲ್ಲ. ಹಿಟ್ಟು ಕುಳಿತು ಬೆಳ್ಳಗಾದ ಹುಬ್ಬು, ಅದರ ಕೆಳಗೆ ಎಲ್ಲೋ ಏನೋ ಮರೆತು ಬಂದವನ ಕಣ್ಣು. ಗಿರಣಿಯ ಪಟ್ಟಿ ಹರಿದರೆ ಹೊಸ ಪಟ್ಟಿ ತರಲು ಹೋಗಿ ಪಂಚಾಂಗ ತರುವ ಮನುಷ್ಯ.

ಹೀಗಿದ್ದವನು ಒಮ್ಮೆ ಗಿರಣಿಯ ಮೋಟಾರಿನ ಸಲುವಾಗಿ ಹೈದರಾಬಾದಿಗೆ ಹೋದ. ಅಲ್ಲಿ ಅವನ ಹಳೆಯ ಗೆಳೆಯ, ಬಸವಕಲ್ಯಾಣದ ಅಜರ್, ಗಿರಾಕಿಗಳ ಕಣ್ಣೆದುರಿಗೇ ಬೀರು ತಯಾರಿಸಿ ಕುಡಿಸುವ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದ. ಗಾಜಿನ ಗೋಡೆಯ ಆಚೆಗೆ ಆಳೆತ್ತರದ ತಾಮ್ರದ ಹಂಡೆಗಳು, ಈಚೆಗೆ ಮೇಜು ಕುರ್ಚಿ. ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ಬಾಟಲಿ ತುಂಬುವ ಸಾದಾ ಬೀರಲ್ಲ ಇದು, ಒಂದೊಂದು ಹಂಡೆಗೆ ಒಂದೊಂದು ರುಚಿ ಎಂದು ಅಜರ್ ವಿವರಿಸಿದನಂತೆ. ವೈಜಿನಾಥ ಒಂದು ಲೋಟ ಕುಡಿದ. ಆಮೇಲೆ ಇನ್ನೊಂದು. ಊರಿಗೆ ಮರಳುವಾಗ ಮೋಟಾರು ಹೈದರಾಬಾದಿನಲ್ಲಿಯೇ ಉಳಿಯಿತು.

ಮದ್ಯವನ್ನು ಜನ ನಾಚಿಕೆಯಿಂದ ಕುಡಿಯುತ್ತಿದ್ದ ಕಾಲವೊಂದಿತ್ತು. ಆ ನಾಚಿಕೆಯಲ್ಲಿ ಅರ್ಧದಷ್ಟಾದರೂ ಸಂಸ್ಕಾರ ಉಳಿದಿತ್ತು. ಈಗ ಅದನ್ನು ವಿದ್ಯೆಯಂತೆ ಕುಡಿಯುತ್ತಾರೆ. ನಾನು ಸಹಿಸಲಾರದ್ದು ಇದನ್ನೇ. ವೈಜಿನಾಥನ ಮೊಬೈಲಿನಲ್ಲಿ ಇನ್ನೂರು ಜನರ ಒಂದು ಗುಂಪು ಹುಟ್ಟಿಕೊಂಡಿತು. ಯಾವ ಊರಿನಲ್ಲಿ ಹೊಸ ಹಂಡೆ ಬಂತು, ಯಾರು ಈ ವಾರ ಮಾವಿನಹಣ್ಣು ಹಾಕಿ ಕುದಿಸಿದರು ಎಂಬ ಸಮಾಚಾರ ದಿನಕ್ಕೆ ನಲವತ್ತು ಸಲ ಬರುತ್ತಿತ್ತು. ಬೆಂಗಳೂರಿನ ಒಬ್ಬಾತ ತನ್ನ ಲೋಟದಲ್ಲಿ ಮಳೆಗೆ ನೆನೆದ ಕಿತ್ತಳೆ ಸಿಪ್ಪೆಯ ಪರಿಮಳ ಕಂಡನಂತೆ. ಪುಣೆಯ ಇನ್ನೊಬ್ಬನಿಗೆ ಅಜ್ಜನ ಟ್ರಂಕು ಕಂಡಿತಂತೆ. ವೈಜಿನಾಥ ಇದೆಲ್ಲವನ್ನೂ ನೂರು ಪುಟದ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಶಾಲೆಯಲ್ಲಿದ್ದಾಗ ಅವನು ಇಷ್ಟು ಬರೆದಿದ್ದರೆ ಇವತ್ತು ತಹಶೀಲ್ದಾರನಾಗಿರುತ್ತಿದ್ದ. ಧೂಳಮ್ಮನಿಗೆ ಇದರ ಸುಳಿವೂ ಇರಲಿಲ್ಲ. ಮಗ ಯಾವುದೋ ಪುರಾಣ ನಕಲು ಮಾಡುತ್ತಿದ್ದಾನೆಂದು ಆಕೆ ಓಣಿಯಲ್ಲೆಲ್ಲ ಹೇಳಿಕೊಂಡು ಸಂತೋಷಪಟ್ಟಿದ್ದಳು.

ಹುಮನಾಬಾದಿನ ಒಂದು ಬಾರಿನಲ್ಲಿ ಅವನು ತನ್ನ ವಿದ್ಯೆಯನ್ನು ಪ್ರಯೋಗಿಸಿದ ದಿನದ ವರದಿ ನನಗೆ ಮೂರು ಕಡೆಯಿಂದ ಬಂದಿದೆ, ಆದ್ದರಿಂದ ಸತ್ಯವಿರಬೇಕು. ಲೋಟವನ್ನು ದೀಪಕ್ಕೆ ಹಿಡಿದು ನೋಡಿದ, ತಿರುವಿದ, ಕಣ್ಣುಮುಚ್ಚಿ ಮೂಸಿದ. ಲೋಟ ಹೊಲಸಾಗಿದೆಯೆಂದು ತಿಳಿದು ಸಪ್ಲೈಯರು ಬೇರೆ ಲೋಟ ತಂದ. ಅದನ್ನೂ ಮೂಸಿದ. ಮೂರನೆಯದನ್ನೂ ಮೂಸಿದ. ನಾಲ್ಕನೆಯ ಲೋಟಕ್ಕೆ ಮಾಲೀಕನೇ ಎದ್ದು ಬಂದು ತಾನೂ ಮೂಸಿ ನೋಡಿ, ಏನೂ ಸಿಗದೆ, “ವೈಜಿನಾಥಣ್ಣಾ, ಕುಡಿಯಾಕ ಬಂದೀಯೋ, ಪಂಚನಾಮಾ ಮಾಡಾಕ ಬಂದೀಯೋ?” ಎಂದು ಕೇಳಿದನಂತೆ.

ಅಷ್ಟಕ್ಕೇ ನಿಲ್ಲದೆ ವಿದ್ಯೆ ಗಿರಣಿಗೂ ನುಗ್ಗಿತು. ಡಬ್ಬಿ ಹಿಡಿದು ಬಂದ ಹೆಂಗಸರ ಜೋಳವನ್ನು ಬೊಗಸೆಯಲ್ಲೆತ್ತಿ ಮೂಗಿಗೆ ಹಿಡಿಯತೊಡಗಿದ. ಒಬ್ಬರ ಜೋಳದಲ್ಲಿ ಜೇನು, ಇನ್ನೊಬ್ಬರದರಲ್ಲಿ ಒಣಹುಲ್ಲು. ಸೋನುಬಾಯಿಯ ಜೋಳದಲ್ಲಿ ತುಸು ಹೊಗೆ ಇದೆಯೆಂದು ಹೊಗಳಿದ. ಹಿಂದಿನ ವಾರವಷ್ಟೇ ಆಕೆಯ ಜೋಳದ ಕಣಕಿಯ ಬಣವೆಗೆ ಬೆಂಕಿ ಬಿದ್ದಿತ್ತು. ಆಕೆ ಡಬ್ಬಿ ಎತ್ತಿಕೊಂಡು ಬೇರೆ ಗಿರಣಿಗೆ ಹೋದಳು.

ನಾನು ಮದ್ಯಪಾನ ವಿರೋಧಿ ಜಾಗೃತಿ ಸಮಿತಿಯ ತಾಲೂಕು ಅಧ್ಯಕ್ಷ. ಬಸವಕಲ್ಯಾಣದ ಬಸ್ ನಿಲ್ದಾಣದ ಗೋಡೆಯ ಮೇಲೆ ನನ್ನ ಭಾವಚಿತ್ರವಿರುವ ಭಿತ್ತಿಪತ್ರಗಳಿವೆ. ಸ್ವಂತ ಭಾವಮೈದುನನ ಅಧಃಪತನವನ್ನು ನೋಡುತ್ತ ಕೂಡುವುದು ಧರ್ಮವಲ್ಲವೆಂದು ಗಿರಣಿಗೇ ಹೋಗಿ ಅರ್ಧ ತಾಸು ಬುದ್ಧಿ ಹೇಳಿದೆ. ಗಿರಣಿಯ ಸದ್ದಿನಲ್ಲಿ ಅವನಿಗೆ ಎಷ್ಟು ಕೇಳಿಸಿತೋ. ಕಡೆಗೆ ಪಟ್ಟಿ ಕಳಚಿ, ಮುಖ ಒರೆಸಿಕೊಂಡು, “ಮಾಮಾ, ಕುಡಿಯೋದು ಬ್ಯಾರೆ, ರುಚಿ ತಿಳ್ಕೊಳ್ಳೋದು ಬ್ಯಾರೆರಿ. ನಾ ಎರಡು ಗುಟುಕಿನ ಮ್ಯಾಲ ಹೋಗಂಗಿಲ್ಲ,” ಎಂದ.

ಹಾಗಾದರೆ ಲೋಟದಲ್ಲಿ ಉಳಿದದ್ದು ಎಲ್ಲಿ ಹೋಗುತ್ತದೆಂದು ಕೇಳಿದೆ.

“ಅದು ಬರಿಯೋ ಮುಂದ ಬೇಕಾಗ್ತದರಿ.”

ಮನೆಯಲ್ಲಿ ಏನಾದರೂ ಕಾಯಿಸುವ, ಭಟ್ಟಿ ಇಳಿಸುವ ಉದ್ದೇಶವಿದೆಯೇ ಎಂದೂ ಕೇಳಿದೆ. ಅದು ಕಾಯದೆಗೆ ವಿರುದ್ಧ, ತನಗೆ ಗೊತ್ತಿದೆ, ತಾನು ದೂರದಿಂದ ನೋಡುವವನು ಮಾತ್ರ ಎಂದು ಗಿರಣಿಯ ಕಲ್ಲು ಮುಟ್ಟಿ ಹೇಳಿದ. ನಾನು ನಂಬಲಿಲ್ಲ. ಅವನು ಜೀವನದಲ್ಲಿ ಸುಳ್ಳು ಹೇಳಿದ್ದನ್ನು ನಾನು ಕಂಡಿರಲಿಲ್ಲ, ಆದರೂ ನಂಬಲಿಲ್ಲ.

ಇಲ್ಲಿ ಎಳ್ಳ ಅಮಾವಾಸ್ಯೆಯ ಮಾತು ಹೇಳಬೇಕು. ಆ ದಿನ ನಮ್ಮ ಸೀಮೆಯಲ್ಲಿ ಮನೆಗಳಿಗೆ ಬೀಗ ಬೀಳುತ್ತದೆ. ಎಲ್ಲರೂ ಹೊಲದಲ್ಲಿರುತ್ತಾರೆ. ಜೋಳದ ದಂಟಿನ ಚಪ್ಪರ, ಅದರೊಳಗೆ ಪೂಜೆ, ಆಮೇಲೆ ಕಾಳು ತರಕಾರಿ ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಮತ್ತು ಅಂಬಲಿ. ಅಂಬಲಿಯನ್ನು ಎಲ್ಲರೂ ಮಾಡುತ್ತಾರೆ. ಆದರೆ ಧೂಳಮ್ಮನ ಅಂಬಲಿಗಾಗಿ ಪಕ್ಕದ ಐದು ಹೊಲದವರು ತಂಬಿಗೆ ಹಿಡಿದು ಬದುವಿನ ಮೇಲೆ ಕಾಯುತ್ತಾರೆ. ಮನೆಯ ಅಳಿಯನೆಂದು ಮೊದಲ ಲೋಟ ನನಗೆ. ಮೂವತ್ತು ವರ್ಷ ತಪ್ಪದೆ ಆ ಮೊದಲ ಲೋಟವನ್ನು ನಾನು ಕುಡಿದಿದ್ದೇನೆ. ತೆಳ್ಳಗೆ, ಬೆಳ್ಳಗೆ, ಬೆಳ್ಳುಳ್ಳಿ ಮತ್ತು ಓಮದ ಘಮ. ಕುಡಿದ ಮೇಲೆ ಮೀಸೆಯಲ್ಲಿ ಉಳಿದದ್ದನ್ನು ಒರೆಸಲೂ ಮನಸ್ಸಾಗುತ್ತಿರಲಿಲ್ಲ. ಜಗತ್ತಿನಲ್ಲಿ ನಾನು ತಕರಾರಿಲ್ಲದೆ ಒಪ್ಪಿಕೊಂಡ ಪದಾರ್ಥ ಅದೊಂದೇ. ಅದು ಹೇಗೆ ತಯಾರಾಗುತ್ತದೆಂದು ಮೂವತ್ತು ವರ್ಷಗಳಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ. ಅತ್ತೆಯ ಮನೆಯ ಅಡುಗೆಮನೆಯ ಹೊಸ್ತಿಲು ದಾಟುವುದು ಅಳಿಯನಿಗೆ ಭೂಷಣವಲ್ಲವೆಂಬುದು ನನ್ನ ತತ್ವವಾಗಿತ್ತು.

ಆ ವರ್ಷ ಅಮಾವಾಸ್ಯೆಗೆ ಐದು ದಿನವಿರುವಾಗ ಮನೆಯ ಹೆಂಗಸರೆಲ್ಲ ಹೊಲದಲ್ಲಿ ಪೂಜೆಯ ಜಾಗ ಸಾರಿಸಿ ಹಸನು ಮಾಡಲೆಂದು ಎರಡು ಮೂರು ದಿನದ ಮಟ್ಟಿಗೆ ಘಾಟಬೋರಾಳಕ್ಕೆ ಹೋಗಿದ್ದರು. ಉಮಾದೇವಿಯೂ ಹೋಗಿದ್ದಳು. ಆಕೆಯ ಕನ್ನಡಕ ತಮ್ಮನ ಮನೆಯಲ್ಲಿ ಉಳಿದಿದೆಯೆಂದು ಫೋನು ಬಂತು. ನಾನು ಬಸ್ಸಿನಲ್ಲಿ ಹುಮನಾಬಾದಿಗೆ ಬಂದೆ. ವೈಜಿನಾಥ ಗಿರಣಿಯಲ್ಲಿದ್ದ. ಪಕ್ಕದ ಮನೆಯ ಬೀಬಿಜಾನ ಬೀಗದ ಕೈ ಕೊಟ್ಟಳು. ಕನ್ನಡಕ ಹುಡುಕುತ್ತ ಮಾಳಿಗೆಗೆ ಹತ್ತಿದೆ. ಅಲ್ಲಿ ಒಂದು ಧೋತರದ ತುಂಬ ಮೊಳಕೆಯೊಡೆದ ಜೋಳ ಬಿಸಿಲಿಗೆ ಹರವಿತ್ತು. ಮೊಳಕೆ ಬರಿಸಿ ಒಣಗಿಸಿದ ಧಾನ್ಯದಿಂದಲೇ ಬೀರು ತಯಾರಾಗುತ್ತದೆಂದು ನನ್ನ ಭಾಷಣಗಳಲ್ಲಿ ನಾನೇ ನೂರಾರು ಸಲ ಹೇಳಿದ್ದೇನೆ. ಕೆಳಗಿಳಿದು ಬಂದು, ತತ್ವವನ್ನು ಬದಿಗಿಟ್ಟು, ಅಡುಗೆಮನೆಯ ಹೊಸ್ತಿಲು ದಾಟಿದೆ.

ಮೂಲೆಯಲ್ಲಿ ಕಂಬಳಿ ಸುತ್ತಿದ ಒಂದು ಕರಿಯ ಮಣ್ಣಿನ ಗಡಗಿ. ಕಿವಿಗೊಟ್ಟರೆ ಒಳಗೆ ಗುಳುಗುಳು ಸದ್ದು. ಮುಚ್ಚಳ ತೆಗೆದೆ. ಬೂದುಬಣ್ಣದ ಗಟ್ಟಿ ದ್ರವ, ಮೇಲೆ ನೊರೆ, ಮೂಗಿಗೆ ಹೊಡೆಯುವ ಹುಳಿ. ಗಡಗಿಯ ಕೊರಳಿಗೆ ವೈಜಿನಾಥನ ಅಕ್ಷರದ ಚೀಟಿ: “ಜೀವಂತ ಇದೆ. ಮುಟ್ಟಬಾರದು. ನಾಲ್ಕನೇ ದಿನ. ನೊರೆ ಉತ್ತಮ. ಪರಿಮಳ: ಹಸಿ ಜೋಳ, ಮಜ್ಜಿಗೆ, ಸ್ವಲ್ಪ ಬಾಳೆಹಣ್ಣು.”

ಇದಕ್ಕಿಂತ ಹೆಚ್ಚಿನ ಪುರಾವೆಯನ್ನು ಯಾವ ನ್ಯಾಯಾಲಯ ಕೇಳುತ್ತದೆ?

ಅಬಕಾರಿ ಇಲಾಖೆಯಲ್ಲಿ ಕೆಲಸಕ್ಕಿರುವ ಧರ್ಮೇಂದ್ರ ನನ್ನ ಹಳೆಯ ವಿದ್ಯಾರ್ಥಿ. ಫೋನು ಮಾಡಿದ ಇಪ್ಪತ್ತು ನಿಮಿಷದಲ್ಲಿ ಮೋಟಾರು ಸೈಕಲ್ ಮೇಲೆ ಬಂದ. ಗುರುವಿನ ಮಾತಿಗೆ ಅವನು ಕೊಡುವ ಗೌರವ ಇಂದಿನ ಕಾಲದಲ್ಲಿ ಅಪರೂಪ. ಗಡಗಿಯ ಮೇಲೆ ಬಗ್ಗಿ, ಬಹಳ ಹೊತ್ತು ಉಸಿರೆಳೆದುಕೊಂಡು, ಸಂಕೋಚದಿಂದ ತಲೆಯೆತ್ತಿದ.

“ಸರ್, ಇದು ಅಂಬಲಿ ಹುಳಿ ಇದ್ದಂಗ ಕಾಣ್ತದರಿ. ನಮ್ಮ ಮನ್ಯಾಗೂ ಅಮಾಸಿ ಮುಂದ ಹಿಂಗೇ ವಾಸನಿ ಬರ್ತದ.”

ಈ ಧರ್ಮೇಂದ್ರ ಎಂಟನೆಯ ತರಗತಿಯಲ್ಲಿ ಕನ್ನಡದಲ್ಲಿ ಎರಡು ಸಲ ಅನುತ್ತೀರ್ಣನಾದವನು. ಅವನ ಮೂಗಿನ ಮೇಲೆ ನನಗೆ ಅವನ ವ್ಯಾಕರಣದ ಮೇಲಿದ್ದಷ್ಟೇ ವಿಶ್ವಾಸವಿತ್ತು. ಅಂಬಲಿ ಎಂದರೇನೆಂದು ಮೂವತ್ತು ವರ್ಷ ಮೊದಲ ಲೋಟ ಕುಡಿದವನಿಗೆ ಹೇಳಿಕೊಡಬೇಕಾಗಿಲ್ಲ, ಅಂಬಲಿ ಬೆಳ್ಳಗಿರುತ್ತದೆ, ಅದಕ್ಕೆ ಬೆಳ್ಳುಳ್ಳಿಯ ವಾಸನೆಯಿರುತ್ತದೆ, ಅದು ಗುಳುಗುಳು ಅನ್ನುವುದಿಲ್ಲ ಎಂದು ತಿಳಿಸಿ, ಚೀಟಿಯನ್ನು ಗಟ್ಟಿಯಾಗಿ ಓದಿಸಿದೆ. ಓದಿದ. “ಜೀವಂತ” ಎಂಬಲ್ಲಿ ತಡವರಿಸಿದ.

“ಚೀಟಿ ಮ್ಯಾಲ ಕೇಸ್ ಮಾಡಾಕ ಬರಂಗಿಲ್ಲ ಸರ್. ಸ್ಯಾಂಪಲ್ ಕಳಸಬೇಕು, ತಿಂಗಳ ಹಿಡೀತದ. ವೈಜಿನಾಥಣ್ಣ ಬರ್ಲಿ, ಒಂದ್ ಮಾತು ಕೇಳ್ರಿ,” ಎಂದು ಹೇಳಿ, ನನ್ನ ಕಾಲು ಮುಟ್ಟಿ, ಹೊರಟುಹೋದ.

ಸರ್ಕಾರ ಹಿಂಜರಿದಾಗ ಸಜ್ಜನನು ಮುಂದೆ ಬರಬೇಕು. ಗಡಗಿಯನ್ನು ಹಿತ್ತಲಿಗೆ ತಂದೆ. ಮೋಟಾರು ಸೈಕಲ್ಲಿನ ಸದ್ದಿಗೆ ಓಣಿಯ ಹತ್ತು ಜನ ಗೋಡೆಗುಂಟ ಸೇರಿದ್ದರು. ಬೀಬಿಜಾನ ಒಳಗೇ ಬಂದು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, “ಮಾಸ್ತರ್ ಸಾಬ್, ಅದು ಅವ್ವಂದು ಅದರಿ. ಅವ್ವ ಬರೋತನಕ ಇರ್ಲಿ ಬಿಡ್ರಿ,” ಎಂದಳು.

ಅವ್ವನದು. ನನ್ನ ಸಿಟ್ಟು ಇಮ್ಮಡಿಸಿತು. ಹೆತ್ತ ತಾಯಿಯ ಗಡಗಿಯಲ್ಲಿ. ಆ ಮುದುಕಿ ಇದನ್ನು ನೋಡುವ ಮುನ್ನ ಇದು ಶುದ್ಧವಾಗಬೇಕೆಂದು ನಿರ್ಧರಿಸಿ, ಗಡಗಿಯನ್ನು ಬಗ್ಗಿಸಿದೆ. ಬೂದುಬಣ್ಣದ ದ್ರವ ನೊರೆಯಾಡುತ್ತ ಚರಂಡಿಯ ಕಡೆಗೆ ಹರಿಯಿತು. ಬೀಬಿಜಾನ ಕೈಯಲ್ಲಿ ಒಂದು ಬಟ್ಟಲು ಹಿಡಿದು ಮತ್ತೆ ಬಂದಳು.

“ಚೆಲ್ಲೋದೇ ಇದ್ರ ಒಂದ್ ಹಿಡಿ ನನಗರೆ ಕೊಡ್ರಿ. ನಾ ಇಟ್ಕೋತೀನಿ.”

ಬದುಕಿನಲ್ಲಿ ಹೆಂಡದ ಅಂಗಡಿಯ ನೆರಳನ್ನೂ ದಾಟದ ಆ ಹೆಣ್ಣುಮಗಳಿಗೆ ನಾನು ಮದ್ಯಪಾನದಿಂದ ಹಾಳಾದ ಸಂಸಾರಗಳ ಬಗ್ಗೆ ಎಂಟು ನಿಮಿಷ ಉಪನ್ಯಾಸ ಕೊಟ್ಟೆ. ಆಕೆ ಬಟ್ಟಲು ಹಿಡಿದುಕೊಂಡೇ ಪೂರ್ತಿ ಕೇಳಿದಳು. ಉಪನ್ಯಾಸ ಮುಗಿಯುವಷ್ಟರಲ್ಲಿ ಗಡಗಿಯಲ್ಲಿದ್ದದ್ದೂ ಮುಗಿದಿತ್ತು.

ಆಮೇಲೆ ತೊಳೆದೆ. ಕುದಿಯುವ ನೀರು ಹಾಕಿ ಒಮ್ಮೆ, ಬ್ಲೀಚಿಂಗ್ ಪುಡಿ ಹಾಕಿ ಒಮ್ಮೆ, ತೆಂಗಿನ ನಾರಿನಿಂದ ಒಳಗೆ ಮೊಳಕೈವರೆಗೆ ಇಳಿಸಿ ಉಜ್ಜಿ ಮತ್ತೊಮ್ಮೆ. ಒಳಮೈಗೆ ಹಕ್ಕಳೆಯಂತೆ ಏನೋ ಅಂಟಿತ್ತು. ಎಷ್ಟೋ ವರ್ಷಗಳದ್ದಿರಬೇಕು, ಬಹಳ ಕಷ್ಟಪಟ್ಟು ಬಿಟ್ಟಿತು. ಕೊನೆಗೆ ಗಡಗಿಯನ್ನು ಬಿಸಿಲಿಗೆ ಬೋರಲು ಹಾಕಿದಾಗ ಗೋಡೆಯಾಚೆಯ ಜನ ಒಬ್ಬೊಬ್ಬರಾಗಿ ಚದುರಿದರು. ನನ್ನ ಕಾರ್ಯದ ಗಾಂಭೀರ್ಯ ಅವರಿಗೆ ತಟ್ಟಿತೆಂದು ಭಾವಿಸಿದೆ.

ವೈಜಿನಾಥ ಊಟಕ್ಕೆ ಬಂದವನು ಹಿತ್ತಲ ಬಾಗಿಲಲ್ಲಿ ನಿಂತ. ಬೋರಲು ಬಿದ್ದ ಗಡಗಿಯನ್ನು ನೋಡಿದ, ನನ್ನ ಒದ್ದೆ ತೋಳನ್ನು ನೋಡಿದ. ನಾನು ಪೂರ್ತಿ ಒಂದು ಭಾಷಣವನ್ನು ಸಿದ್ಧಪಡಿಸಿಕೊಂಡಿದ್ದೆ. ಅವನು ಬಹಳ ಮೆಲ್ಲಗೆ ಕೇಳಿದ:

“ಮಾಮಾ, ಒಳಗಿಂದೂ ತೊಳದ್ರೇನು?”

“ಮೂರು ಸಲ,” ಎಂದೆ. ಆ ಎರಡು ಶಬ್ದಗಳನ್ನು ಹೆಮ್ಮೆಯಿಂದಲೇ ಹೇಳಿದೆ.

ಅವನು ಕಟ್ಟೆಯ ಮೇಲೆ ಕುಳಿತ. ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಬೈಯಲಿಲ್ಲ, ಇದ್ದದ್ದನ್ನು ಹೇಳಿದ. ಆ ಗಡಗಿ ಅವನ ಅಜ್ಜಿಯದು, ಎಂದರೆ ಧೂಳಮ್ಮನ ಅತ್ತೆಯದು. ಧೂಳಮ್ಮ ಮದುವೆಯಾಗಿ ಬಂದ ವಾರ ಅದು ಆಕೆಯ ಕೈಗೆ ಬಂದಿತ್ತು. ಅಂದಿನಿಂದ ಅದು ಒಮ್ಮೆಯೂ ಪೂರ್ತಿ ಖಾಲಿಯಾಗಿರಲಿಲ್ಲ. ತಳದಲ್ಲಿ ಒಂದು ಹಿಡಿ ಹುಳಿ ಉಳಿಸಿ, ಅದಕ್ಕೆ ಹೊಸ ಹಿಟ್ಟು ಕಲಸಿ, ಆ ಹುಳಿಯನ್ನು ಐವತ್ತೈದು ವರ್ಷ ಸಾಕಿದ್ದಳು. ನಾನು ಮೂವತ್ತು ವರ್ಷ ಕುಡಿದ ಬೆಳ್ಳನೆಯ ಅಂಬಲಿ ಆ ಬೂದು ಹುಳಿಯನ್ನು ಕಾಯಿಸಿ, ಮಜ್ಜಿಗೆ ಬೆರೆಸಿ, ಬೆಳ್ಳುಳ್ಳಿ ಹಾಕಿದ್ದು. ಚೀಟಿ ಬರೆದದ್ದು ಅಜರನ ಸಲುವಾಗಿ. ಅವನಿಗೆ ಅಂಬಲಿಯ ಹುಳಿಯ ಬಗ್ಗೆ ಬಹಳ ಕುತೂಹಲವಿತ್ತು. ಮಾಳಿಗೆಯ ಮೊಳಕೆ ಜೋಳವೂ ಅವನಿಗೆ ಒಯ್ಯಲೆಂದೇ ಇತ್ತು. ಮನೆಯಲ್ಲಿ ಒಂದು ಹನಿ ಬೀರನ್ನೂ ಯಾರೂ ಮಾಡಿರಲಿಲ್ಲ.

“ಹೈದರಾಬಾದದಾಗ ಮೊದಲನೇ ಲೋಟ ಮೂಗಿಗೆ ಹಿಡದಾಗ ನನಗ ಏನ್ ನೆನಪಾತು ಗೊತ್ತದೇನ್ರಿ?” ಎಂದ ವೈಜಿನಾಥ, ಗಡಗಿಯನ್ನೇ ನೋಡುತ್ತ. “ಅವ್ವನ ಗಡಗಿ. ಮುಂಜಾನಿ ಮುಚ್ಚಳ ತಗದ್ರ ಬರ್ತದಲ್ರಿ, ಅದೇ. ಅಷ್ಟು ದೊಡ್ಡ ತಾಮ್ರದ ಹಂಡೆದಾಗ ನಮ್ಮ ಮನಿ ವಾಸನಿ ಹ್ಯಾಂಗ ಬಂತು ಅಂತ ಹುಡಕಾಕತ್ತಿದ್ದೆ. ಮತ್ತೇನಿಲ್ಲ ಮಾಮಾ.”

ಇನ್ನೊಂದು ಮಾತನ್ನೂ ಕೇಳಿದ. “ಬೀರಿನ ಮಾತು ಅವ್ವಗ ತಿಳೀಬಾರದ್ರಿ. ಏನರೆ ಹೇಳ್ರಿ, ಅದೊಂದು ಹೇಳಬ್ಯಾಡ್ರಿ. ತಡಕೊಳ್ಳಂಗಿಲ್ಲ ಆಕಿ.” ನಾನು ಮಾತು ಕೊಟ್ಟೆ. ಕೊಡದೆ ಇರುವ ಸ್ಥಾನದಲ್ಲಿ ನಾನಿರಲಿಲ್ಲ.

ಸಂಜೆಯವರೆಗೆ ಓಣಿಯಲ್ಲಿ ಮನೆಮನೆಗೆ ಅಲೆದೆವು. ಒಬ್ಬರ ಬಳಿಯಾದರೂ ಆ ಹುಳಿಯ ಒಂದು ಹಿಡಿ ಇರಬೇಕಲ್ಲ. ಎಲ್ಲರೂ ಒಂದಲ್ಲ ಒಂದು ವರ್ಷ ಒಯ್ದವರೇ, ಯಾರೂ ಇಟ್ಟುಕೊಂಡವರಲ್ಲ. ಸೋನುಬಾಯಿ ಜೋಳದ ಸಿಟ್ಟನ್ನು ಮರೆತು ಮೂರು ಮಡಕೆ ತೆಗೆದು ತೋರಿಸಿದಳು. “ಧೂಳಮ್ಮತ್ತಿ ಮನ್ಯಾಗ ಅದಲ್ಲ, ನಾವ್ಯಾಕ ಸಾಕಬೇಕು ಅಂತ ಬಿಟ್ಟೇವ್ರಿ,” ಎಂದು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಡೀ ಓಣಿ ಒಬ್ಬ ಮುದುಕಿಯ ಒಂದು ಗಡಗಿಯನ್ನು ನಂಬಿ ನಿಶ್ಚಿಂತೆಯಿಂದಿತ್ತು. ಹೊರಡುವಾಗ ವೈಜಿನಾಥ ಪ್ರತಿ ಮನೆಯಲ್ಲೂ ಬೀರಿನ ಮಾತು ಅವ್ವನ ಕಿವಿಗೆ ಬೀಳಬಾರದೆಂದು ಕೈಮುಗಿದ. ಬೀಬಿಜಾನಳ ಬಟ್ಟಲು ಅವಳ ಕಟ್ಟೆಯ ಮೇಲೆ ಖಾಲಿಯಾಗಿ ಕುಳಿತಿತ್ತು. ಅದನ್ನು ದಾಟಿ ಹೋಗುವಾಗ ನಾನು ಆಕಾಶ ನೋಡಿದೆ.

ಸುದ್ದಿ ನನಗಿಂತ ಮೊದಲು ಬಸವಕಲ್ಯಾಣ ತಲುಪಿತ್ತು, ದಾರಿಯಲ್ಲಿ ರೂಪವನ್ನೂ ಬದಲಿಸಿತ್ತು. ಮಾಸ್ತರ ಗಡಗಿಯೊಂದಿಗೆ ಅಬಕಾರಿಯವರ ಕೈಗೆ ಸಿಕ್ಕರಂತೆ ಎಂಬುದು ಮೊದಲ ಆವೃತ್ತಿ. ಸಿಗುವ ಮೊದಲೇ ಕುಡಿದು ತೊಳೆದಿಟ್ಟರಂತೆ ಎಂಬುದು ಎರಡನೆಯದು. ಸಮಿತಿಯ ಕಾರ್ಯದರ್ಶಿ ಅನೀಲಕುಮಾರ ಫೋನು ಮಾಡಿ, ಅತ್ಯಂತ ವಿನಯದಿಂದ, ಅಧ್ಯಕ್ಷರಿಗೆ ವಿಶ್ರಾಂತಿಯ ಅಗತ್ಯವಿದೆಯೇ ಎಂದು ವಿಚಾರಿಸಿದ.

ಮರುದಿನ ವೈಜಿನಾಥನ ಫೋನೂ ಬಂತು. ಒಂದು ತಿಂಗಳ ಹಿಂದೆ ಅವನು ಅಜರನಿಗೆ ಆ ಹುಳಿಯ ಒಂದು ಚಮಚ ಕೊಟ್ಟಿದ್ದ. ಅಜರ್ ಅದನ್ನು ಹಾಕಿ ಪರೀಕ್ಷೆಗೆಂದು ಜೋಳದ ಬೀರನ್ನು ಒಂದೇ ಒಂದು ಕ್ಯಾನು ಮಾಡಿದ್ದ. ಅದರಲ್ಲಿ ಒಂದು ಬಾಟಲಿ ಉಳಿದಿತ್ತು, ಸೋಸದ್ದು, ತಳದಲ್ಲಿ ಗಸಿಯಿರುವಂಥದ್ದು. ಆ ಗಸಿಯಲ್ಲಿ ಧೂಳಮ್ಮನ ಹುಳಿ ಬದುಕಿದ್ದರೂ ಬದುಕಿರಬಹುದು. ಅಜರನ ತಮ್ಮ ಸಲ್ಮಾನ್ ಅದರ ಮಾರನೆಯ ದಿನ ಬಸವಕಲ್ಯಾಣಕ್ಕೆ ಬರುವವನಿದ್ದ. ಬಾಟಲಿಯನ್ನು ಅವನ ಕೈಯಿಂದ ಇಸಿದುಕೊಂಡು ಹುಮನಾಬಾದಿಗೆ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು.

ಹೀಗೆ ಮದ್ಯಪಾನ ವಿರೋಧಿ ಜಾಗೃತಿ ಸಮಿತಿಯ ತಾಲೂಕು ಅಧ್ಯಕ್ಷನು ಮಧ್ಯಾಹ್ನ ಹನ್ನೆರಡು ಗಂಟೆಗೆ, ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ, ತನ್ನದೇ ಭಿತ್ತಿಪತ್ರದ ಕೆಳಗೆ, ಕೈಚೀಲದಲ್ಲಿ ಒಂದು ಬಾಟಲಿ ಬೀರು ಹಿಡಿದುಕೊಂಡು ಹುಮನಾಬಾದಿನ ಬಸ್ಸಿಗೆ ಕಾಯುತ್ತ ನಿಂತನು. ಬಿಸಿಲಿಗೆ ಬಾಟಲಿ ಚೀಲದೊಳಗೆ ಸುಂಯ್ ಎನ್ನತೊಡಗಿತು. ಅಕ್ಕಪಕ್ಕದವರು ಜರುಗಿ ನಿಂತರು. ಮೋರಖಂಡಿಯ ಕಡೆಯ ಒಬ್ಬ ಹಿರಿಯ ರೈತ, ಚೀಲದಲ್ಲಿ ಹಾವಿದ್ದರೆ ಬಾಯಿ ಬಿಗಿಯಾಗಿ ಕಟ್ಟಬೇಕೆಂದು ಸಲಹೆ ಕೊಟ್ಟ. ಆಗ ಧರ್ಮೇಂದ್ರ ಬಂದ. ಅಂದು ಅವನಿಗೆ ಅಲ್ಲಿಯೇ ಕರ್ತವ್ಯವಿತ್ತು.

“ನಮಸ್ಕಾರ ಸರ್. ಚೀಲದಾಗ ಏನದರಿ?”

ಅಂಬಲಿ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಒಂದರ್ಥದಲ್ಲಿ ಅದು ನಿಜವೂ ಆಗುತ್ತಿತ್ತು. ಆದರೆ ಮೂವತ್ತೊಂದು ವರ್ಷ ಕರಿಹಲಗೆಯ ಮೇಲೆ ಸತ್ಯವನ್ನೇ ನುಡಿಯಬೇಕೆಂದು ಬರೆದ ಕೈ ಅದು. ಚೀಲ ಕಳೆದುಕೊಂಡರೆ ಅತ್ತೆಯ ಐವತ್ತೈದು ವರ್ಷ ಹೋಗುತ್ತದೆಂದು ಗೊತ್ತಿತ್ತು. ಆದರೂ ಬಾಯಿಂದ ಬಂದದ್ದು ನಿಜವೇ: “ಬೀರು.”

ಧರ್ಮೇಂದ್ರ ಚೀಲದೊಳಗೆ ಮೂಗಿಟ್ಟ. ನನ್ನನ್ನು ನೋಡಿದ, ಗೋಡೆಯ ಮೇಲಿನ ನನ್ನನ್ನೂ ನೋಡಿದ.

“ಸರ್, ಮೊನ್ನಿ ನೀವು ಬೀರು ಅಂದದ್ದು ಅಂಬಲಿ ಇತ್ತು. ಇವತ್ತೂ ನೀವೇ ಬೀರು ಅನ್ನಾಕತ್ತೀರಿ. ನಿಮ್ಮ ಮಾತಿನ ಮ್ಯಾಲ ನಾ ಹ್ಯಾಂಗ ಹಿಡೀಲಿ? ಇದೂ ಅಂಬಲಿನೇ ಇರ್ತದ. ಒಯ್ರಿ, ಬಸ್ ಬಂತು.”

ನನ್ನ ಸತ್ಯವಾಕ್ಯಕ್ಕೆ ಲೋಕದಲ್ಲಿ ಉಳಿದಿದ್ದ ಬೆಲೆಯೇನೆಂದು ತಿಳಿದುಕೊಂಡು ನಾನು ಬಸ್ಸು ಹತ್ತಿದೆ.

ವೈಜಿನಾಥ ಗಡಗಿಯನ್ನು ಹನ್ನೊಂದು ಸಲ ತಣ್ಣೀರಿನಿಂದ ತೊಳೆದು ಪುಡಿಯ ವಾಸನೆ ತೆಗೆದಿದ್ದ. ಮೇಲಿನ ಬೀರನ್ನು ಅವನೇ ಚರಂಡಿಗೆ ಚೆಲ್ಲಿದ, ಒಂದು ಗುಟುಕನ್ನೂ ನೋಡಲಿಲ್ಲ. ತಳದ ಗಸಿಗೆ ಹಿಟ್ಟು ಕಲಸಿ ಗಡಗಿಗೆ ಸುರಿದು, ಕಂಬಳಿ ಹೊದಿಸಿ, ರೋಗಿಯ ಮುಂದೆ ಕೂತಂತೆ ಇಬ್ಬರೂ ಕೂತೆವು. ಮರುದಿನ ಮಧ್ಯಾಹ್ನ ಒಳಗಿಂದ ಒಂದು ಗುಳು ಎಂಬ ಸದ್ದು ಬಂತು. ಗುಳುಗುಳು ಅಲ್ಲ, ಒಂದೇ ಒಂದು ಗುಳು. ವೈಜಿನಾಥ ನನ್ನ ಕೈ ಹಿಡಿದುಕೊಂಡ. ನಾನೂ ಬಿಡಿಸಿಕೊಳ್ಳಲಿಲ್ಲ.

ಅಂದು ಸಂಜೆ ಧೂಳಮ್ಮ ಹೊಲದಿಂದ ಬಂದಳು. ಬಂದವಳೇ ಗಡಗಿಯ ಮೈಮೇಲೆ ಕೈಯಾಡಿಸಿದಳು, ಮುಚ್ಚಳ ತೆಗೆದಳು, ಮುಚ್ಚಿದಳು. ಯಾರು ತೊಳೆದರೆಂದು ಕೇಳಿದಳು. ಬೀಬಿಜಾನ ಗೋಡೆಯಾಚೆಯಿಂದ, ಮಾಸ್ತರರು ತೊಳೆದರು, ಬಿಸಿನೀರು ಹಾಕಿ, ಬಿಳಿ ಪುಡಿ ಹಾಕಿ, ಮೂರು ಸಲ ತೊಳೆದರು ಎಂದು ಅಷ್ಟನ್ನೇ ಇದ್ದಂತೆ ಹೇಳಿದಳು. ಧೂಳಮ್ಮ ಕೇಳಿಸಿಕೊಂಡಳು. ಗಡಗಿಗೆ ಒಂದು ಹಿಡಿ ಹಿಟ್ಟು ಹಾಕಿ ಮಲಗಲು ಹೋದಳು.

ಅಮಾವಾಸ್ಯೆಯ ದಿನ ಘಾಟಬೋರಾಳದ ಹೊಲದಲ್ಲಿ ಪೂಜೆಯಾಯಿತು. ಬದುವಿನ ಮೇಲೆ ತಂಬಿಗೆ ಹಿಡಿದು ಜನ ಎಂದಿನಂತೆ ನಿಂತಿದ್ದರು. ಎಲ್ಲರೂ ಕುಡಿದರು, ಎಲ್ಲರೂ ಚಲೋ ಆಗಿದೆ ಎಂದರು. ಆದರೆ ಎರಡನೆಯ ಸಲ ತಂಬಿಗೆ ಯಾರೂ ಒಡ್ಡಲಿಲ್ಲ. ಕುಡಿದ ಮೇಲೆ ನಾಲಿಗೆಯ ಬುಡದಲ್ಲಿ ಒಂದು ಕಹಿ ಉಳಿಯುತ್ತಿತ್ತೆಂದು ಉಮಾದೇವಿ ಆಮೇಲೆ ಹೇಳಿದಳು. ಬೀರಿಗೆ ಹಾಕುವ ಯಾವುದೋ ಹೂವಿನ ಕಹಿಯಂತೆ ಅದು. ಧೂಳಮ್ಮ ಮಾತ್ರ, “ಗಡಗಿ ಮುನಸ್ಕೊಂಡದ. ಬರ್ತದ, ತಡಾ ಆಗ್ತದ,” ಎಂದು ಬದುವಿನ ಜನರನ್ನು ಸಮಾಧಾನಪಡಿಸಿದಳು.

ಅದು ಕಹಿಯೋ ಸಿಹಿಯೋ ನನಗೆ ಗೊತ್ತಾಗಲಿಲ್ಲ. ಮೊದಲ ಲೋಟಕ್ಕೆಂದು ನಾನು ಎಂದಿನ ಜಾಗದಲ್ಲಿ ಕುಳಿತು ಕೈ ಚಾಚಿದಾಗ, ಧೂಳಮ್ಮ ಚೀಲದಿಂದ ಒಂದು ಹೊಸ ಸ್ಟೀಲ್ ಲೋಟ ತೆಗೆದಳು. ಅದರ ಕಾಗದದ ಅಂಟು ಇನ್ನೂ ಬಿಟ್ಟಿರಲಿಲ್ಲ. ಸೆರಗಿನಿಂದ ಒಳಗೂ ಹೊರಗೂ ಒರೆಸಿ, ಬೇರೆ ತಂಬಿಗೆಯಿಂದ ಮಜ್ಜಿಗೆ ಬಗ್ಗಿಸಿ, ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದಳು.

“ಮಾಸ್ತರ್ರೇ, ತಪ್ಪಾತ್ರಿ. ಮೂವತ್ತ ವರ್ಷ ನಿಮಗ ಹೊಲಸ ಗಡಗಿದಾಗಿಂದು ಕುಡಿಸಿದೆ. ನೀವು ಒಂದ್ ದಿನಾನೂ ಅನ್ಲಿಲ್ಲ. ಸುಮ್ಮ ಕುಡದ್ರಿ. ನಿಮ್ಮ ಮನಸು ದೊಡ್ಡದು.”

ಆಕೆಯ ದನಿಯಲ್ಲಿ ಚುಚ್ಚುಮಾತಿನ ಎಳೆಯೂ ಇರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಆಕೆ ನಿಜವಾಗಿಯೂ ಹಾಗೆಯೇ ತಿಳಿದಿದ್ದಳು: ಓದಿದ ಅಳಿಯನಿಗೆ ತನ್ನ ಗಡಗಿ ಮೊದಲಿನಿಂದಲೂ ಹೇಸಿಗೆಯಾಗಿತ್ತು, ಮರ್ಯಾದೆಗಾಗಿ ಮೂವತ್ತು ವರ್ಷ ನುಂಗಿದರು, ಕಡೆಗೆ ತಾಳಲಾರದೆ ತಾನಿಲ್ಲದ ದಿನ ನೋಡಿ ತಾವೇ ಬಂದು ತೊಳೆದರು. ಹಾಗಲ್ಲ ಅತ್ತೀ, ಎಂದೆ. ಮತ್ತೆ ಹೇಗೆ ಎಂಬಂತೆ ಆಕೆ ಕಾದಳು. ಆಕೆಯ ಬೆನ್ನ ಹಿಂದೆ ವೈಜಿನಾಥ ಉಸಿರು ಹಿಡಿದು ನಿಂತಿದ್ದ. ಹೇಳಬೇಕಾದ ಸತ್ಯ ಒಂದೇ ಇತ್ತು, ಅದನ್ನು ಹೇಳುವುದಿಲ್ಲವೆಂದು ನಾನು ಮಾತು ಕೊಟ್ಟಿದ್ದೆ. ಗಡಗಿ ಬಹಳ ಚೆನ್ನಾಗಿತ್ತು, ಸುಮ್ಮನೆ ತೊಳೆದೆ ಎಂದೆ. ಆಕೆ ತಲೆಯಾಡಿಸಿ, ನನ್ನ ಸೌಜನ್ಯಕ್ಕೆ ಇನ್ನಷ್ಟು ನಾಚಿದಳು.

ಇದಾಗಿ ಮೂರು ವರ್ಷ. ಸಮಿತಿಯ ಅಧ್ಯಕ್ಷತೆಯನ್ನು ನಾನೇ ಅನೀಲಕುಮಾರನಿಗೆ ಬಿಟ್ಟುಕೊಟ್ಟೆ. ಮದ್ಯಪಾನ ಕೆಟ್ಟದ್ದೆಂಬ ನನ್ನ ಅಭಿಪ್ರಾಯದಲ್ಲಿ ಇಂದಿಗೂ ಬದಲಾವಣೆಯಿಲ್ಲ; ಆದರೆ ಇನ್ನೊಬ್ಬರ ಅಡುಗೆಮನೆಗೆ ಹೋಗಿ ಅದನ್ನು ಹೇಳುವ ಅರ್ಹತೆ ನನಗಿಲ್ಲ. ವೈಜಿನಾಥ ಆ ಇನ್ನೂರು ಜನರ ಗುಂಪಿನಿಂದ ಹೊರಬಂದ. ನೋಟುಬುಕ್ಕಿನ ಉಳಿದ ಹಾಳೆಗಳಲ್ಲಿ ಈಗ ಗಿರಣಿಯ ಸರದಿ ಬರೆಯುತ್ತಾನೆ. ಬೇರೆ ಗಿರಣಿಗೆ ಹೋಗಿದ್ದ ಸೋನುಬಾಯಿ ಮರಳಿ ಬಂದಿದ್ದಾಳೆ. ಡಬ್ಬಿಯ ಮುಚ್ಚಳ ತೆಗೆದು, ಈ ಸಲದ ಜೋಳ ಹೇಗಿದೆಯೆಂದು ತಾನಾಗಿಯೇ ಕೇಳುತ್ತಾಳೆ. ಅವನು ಮೂಸದೆಯೇ ಚಲೋ ಇದೆ ಎಂದು ಹೇಳಿ ಕಲ್ಲಿಗೆ ಸುರಿಯುತ್ತಾನೆ. ಮೂಸಲಿ ಎಂದು ನಾನು ಎಷ್ಟೋ ಸಲ ಮನಸ್ಸಿನಲ್ಲೇ ಬೇಡಿಕೊಂಡಿದ್ದೇನೆ.

ಗಡಗಿಯ ಮುನಿಸು ಕಳೆದಿದೆಯೆಂದು ಹೇಳುತ್ತಾರೆ. ಕಹಿ ಹೋಗಿದೆಯಂತೆ, ಬದುವಿನ ಜನ ಮತ್ತೆ ಎರಡನೆಯ ಸಲ ತಂಬಿಗೆ ಒಡ್ಡುತ್ತಾರೆ. ಈ ವರ್ಷವೂ ನಾನು ಚಪ್ಪರದ ನೆರಳಿನಲ್ಲಿ ಕುಳಿತಿದ್ದೆ. ಅಂಬಲಿಯ ಲೋಟಗಳು ನನ್ನ ಮುಂದಿನಿಂದಲೇ ಹಾದುಹೋದವು. ಬೆಳ್ಳುಳ್ಳಿ ಮತ್ತು ಓಮದ ಘಮ ನನ್ನ ಮೀಸೆಯವರೆಗೂ ಬಂತು. ಧೂಳಮ್ಮ ಅದೇ ಸ್ಟೀಲ್ ಲೋಟವನ್ನು ಎರಡು ಸಲ ತೊಳೆದು, ಬಿಸಿಲಿಗೆ ಹಿಡಿದು ನೋಡಿ, ಎಲ್ಲರಿಗಿಂತ ಮೊದಲು ನನಗೆ ತಂದುಕೊಟ್ಟಳು.

“ಸಾಫ್ ಅದರಿ, ಕುಡೀರಿ.”

ಕುಡಿದೆ. ಮಜ್ಜಿಗೆ ಅತ್ಯಂತ ಶುಭ್ರವಾಗಿತ್ತು.